ವೇಳೆ ಇಲ್ಲದ ಕಾರಣ

ಅವರು ತೀರಿಕೊಂಡ ಸುದ್ದಿಯನ್ನು ನಾನು ಮೊದಲು ನಂಬಲಿಲ್ಲ. ಫೋನು ಮಾಡಿದ್ದು ಅವರ ಆಫೀಸಿನಲ್ಲಿ ಹಿಂದೆ ಜವಾನರಾಗಿದ್ದವರು. “ನೆನ್ನೆ ಬೆಳಗ್ಗೆ ಕಣಮ್ಮ. ಕಾಫಿ ಕುಡ್ದು ಪೇಪರ್ ಹಿಡ್ಕಂಡಿದ್ರಂತೆ, ಅಂಗೇ ಹೋಗ್ಬುಟ್ರು” ಅಂದರು. ಸರಿ ಎಂದು ಫೋನಿಟ್ಟು, ಅವರ ಮಗಳ ಪಕ್ಕದ ಮನೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನು ಮಾಡಿ, ಏನೂ ತಿಳಿಯದವಳ ಹಾಗೆ “ಸಾರ್ ಹೇಗಿದ್ದಾರೆ?” ಎಂದು ಕೇಳಿದೆ. ಅವಳೂ ಅದನ್ನೇ ಹೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತು ಅತ್ತೆ. ಒಂದೇ ಮಾತನ್ನು ಇಬ್ಬರ ಹತ್ತಿರ ಬೇರೆ ಬೇರೆಯಾಗಿ ಕೇಳಬೇಕು, ಎರಡನೆಯವರಿಗೆ ಮೊದಲನೆಯವರ ಉತ್ತರ ಗೊತ್ತಿರಬಾರದು ಎಂದು ನನಗೆ ಕಲಿಸಿದವರು ಅವರೇ. ಅವರ ಸಾವಿಗೂ ಆ ಪಾಠವನ್ನೇ ಬಳಸಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಅವರಿದ್ದಿದ್ದರೆ ಮೆಚ್ಚುತ್ತಿದ್ದರೇನೋ.

ಹೆಸರು ಬರೆಯುವುದಿಲ್ಲ. ಬರೆದಿದ್ದರೆ “ಯಾಕೆ ಬರೆದಳು? ಏನು ಬೇಕಂತೆ ಅವಳಿಗೆ?” ಎಂದೇ ಕೇಳುತ್ತಿದ್ದ ಮನುಷ್ಯ ಅವರು. ದೆಹಲಿಯ ಕಾರ್ಮಿಕ ಸಚಿವಾಲಯದ ಕೆಳಗಿನ ಒಬ್ಬ ಅಧಿಕಾರಿ, ಅಷ್ಟು ಸಾಕು. ಹೊಸೂರಿನ ಕಾರ್ಖಾನೆಗಳ ತಂಟೆಯೆಲ್ಲ ಹೆಚ್ಚಾಗಿ ರಾಜ್ಯ ಸರ್ಕಾರದ್ದು. ಆದರೆ ನೆಲ ಅಗೆದು ಕಲ್ಲು ತೆಗೆಯುವ ಕ್ವಾರಿಯೂ ಗಣಿಯ ಲೆಕ್ಕವೇ, ಗಣಿ ದೆಹಲಿಗೆ ಸೇರಿದ್ದು. ಹಾಗಾಗಿ ಕೃಷ್ಣಗಿರಿಯಿಂದ ಡೆಂಕಣಿಕೋಟೆಯವರೆಗಿನ ಗ್ರಾನೈಟ್ ಕ್ವಾರಿಗಳಿಗೆ ಅವರು ಬಸ್ಸು ಹತ್ತಿಕೊಂಡು ಹೋಗುತ್ತಿದ್ದರು. ಮನೆಮಾತು ತೆಲುಗು, ಓದಿದ್ದು ತಮಿಳು, ಕನ್ನಡ ಕಿವಿಯಿಂದ ಬಂದದ್ದು. ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಬೆಟ್ಟದ ಕಡೆಯಿಂದ ಬರುವ ಕನ್ನಡದ ಕೂಲಿಯವರ ಹೇಳಿಕೆ ಬರೆದುಕೊಂಡು ಇಂಗ್ಲಿಷಿಗೆ ಮಾಡಿಕೊಡಲು ಅವರಿಗೊಬ್ಬರು ಬೇಕಾಗಿತ್ತು. ಹೊಸೂರಿನಲ್ಲಿ ನಾನು ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದೆ. ಮೂರು ಭಾಷೆಯ ಟೈಪು, ಇಂಗ್ಲಿಷ್ ಬೇರೆ. ಹೀಗೆ ಗಂಟುಬಿದ್ದರು.

ಮೊದಲ ದಿನ ಒಂದು ಪುಟ ಕೊಟ್ಟು ಅನುವಾದ ಮಾಡಿಸಿದರು. ಒಂದು ತಿಂಗಳಾದ ಮೇಲೆ ಅದೇ ಪುಟವನ್ನು ಹೊಸದರ ಹಾಗೆ ಇನ್ನೊಮ್ಮೆ ಕೊಟ್ಟರು. ಎರಡನ್ನೂ ಪಕ್ಕದಲ್ಲಿಟ್ಟು ಬೆರಳಿಂದ ಸಾಲು ಸಾಲು ಓದಿ, “ಮೂರು ಕಡೆ ಬದಲಾಗಿದೆ. ಸುಳ್ಳು ಹೇಳೋರದ್ದಾದ್ರೆ ಒಂದು ಕಡೆಯೂ ಬದಲಾಗೋದಿಲ್ಲಮ್ಮಾ” ಎಂದರು. ಹೊಗಳಿಕೆಯೋ ಬೈಗುಳವೋ ಗೊತ್ತಾಗದೆ ನಾನು ಸುಮ್ಮನೆ ನಕ್ಕೆ.

ನನ್ನ ಅಪ್ಪ ಹೊಸೂರಿನ ಕನ್ನಡ ಮೇಷ್ಟ್ರು. ಅವರಿಗೆ ಈ ಅಧಿಕಾರಿಯನ್ನು ಕಂಡರೆ ಒಂದು ಕಾಳಿನಷ್ಟೂ ನಂಬಿಕೆ ಇರಲಿಲ್ಲ. “ಒಂದು ಲೋಟ ಟೀ ಕುಡಿಯಲ್ಲ, ಬಾಳೆಹಣ್ಣು ಮುಟ್ಟಲ್ಲ. ಇವನು ಏನೋ ದೊಡ್ಡದಕ್ಕೇ ಹೊಂಚು ಹಾಕ್ತಿದಾನೆ, ನೋಡ್ತಿರು” ಅನ್ನುತ್ತಿದ್ದರು. ಊರಿನವರ ಅಭಿಪ್ರಾಯವೂ ಅದೇ. ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು. ಟೀ ಬೇಕೇ ಎಂದರೆ ಅವರು “ಅವಸರ ಇಲ್ಲಮ್ಮಾ” ಎನ್ನುವರು. ತೆಲುಗಿನಲ್ಲಿ ಅವಸರ ಎಂದರೆ ಅಗತ್ಯ, ಅದು ನಮ್ಮಮ್ಮನಿಗೆ ಗೊತ್ತಿಲ್ಲ. ಪಾಪ, ನಿಧಾನವಾಗಿ ಕುಡಿಯುತ್ತಾರೇನೋ ಎಂದು ಸಂಜೆಯವರೆಗೆ ಟೀ ಬಿಸಿಮಾಡುತ್ತಲೇ ಇರುವಳು. ಅವರು ಬಗಲಿನ ಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದು ಎದ್ದು ಹೋಗುವರು.

ಕ್ವಾರಿಗೆ ಹೋದರೆ ಎಲ್ಲ ಅಧಿಕಾರಿಗಳೂ ಮೊದಲು ಹಾಜರಿ ಪುಸ್ತಕ ಕೇಳುತ್ತಾರೆ. ಇವರು ಮೊದಲು ಮರ ಹುಡುಕುವರು. ಕೂಲಿಯವರು ಊಟದ ಡಬ್ಬಿಗಳನ್ನು ಇರುವೆ ಹತ್ತದಿರಲೆಂದು ಮರಕ್ಕೆ ನೇತುಹಾಕುತ್ತಾರಲ್ಲ, ಆ ಮರ. “ಎಣಿಸಿ” ಅನ್ನುವರು. ನಾನು ಎಣಿಸುತ್ತಿದ್ದೆ. ಪುಸ್ತಕದಲ್ಲಿ ಹನ್ನೊಂದು ಹೆಸರು, ಮರದಲ್ಲಿ ಇಪ್ಪತ್ತಾರು ಡಬ್ಬಿ. “ಹನ್ನೊಂದು ಜನ ಇಪ್ಪತ್ತಾರು ಡಬ್ಬಿ ತಿಂತಾರೇನಪ್ಪಾ? ಹೊಟ್ಟೆ ಗಟ್ಟಿ ಇದೆ” ಎಂದು ಮ್ಯಾನೇಜರನ್ನು ಕೇಳುವರು, ಮುಖದಲ್ಲಿ ನಗುವಿಲ್ಲದೆ. ಆಮೇಲೆ ಪುಸ್ತಕ ತೆಗೆದು ಮೂಗಿನ ಹತ್ತಿರ ಹಿಡಿಯುವರು. ವರ್ಷದ ಹಾಜರಿ ಒಂದೇ ಸಲ ಕೂತು ಬರೆದದ್ದಾದರೆ ಎಲ್ಲ ಹಾಳೆಗೂ ಒಂದೇ ಹೊಸ ವಾಸನೆ ಇರುತ್ತದಂತೆ. ನಾನೂ ಒಮ್ಮೆ ಮೂಸಿ ನೋಡಿದೆ. ನನಗೆ ಸೀಮೆಎಣ್ಣೆಯ ವಾಸನೆ ಮಾತ್ರ ಬಂತು.

ಬಸ್ಸಿನಲ್ಲಿ ಮಾತ್ರ ಅವರು ಬೇರೆ ಮನುಷ್ಯ. ಕಿಟಕಿ ಪಕ್ಕ ಕೂತು ತಮ್ಮ ಇಲಾಖೆಯ ಕಥೆ ಹೇಳುವರು, ಸ್ವಂತ ಮನೆತನದ ಕಥೆ ಹೇಳುವವರ ಹಾಗೆ. ಬ್ರಿಟಿಷರ ಕಾಲದಲ್ಲಿ ಕೈಗಾರಿಕೆಗೂ ಕಾರ್ಮಿಕರಿಗೂ ಸೇರಿಸಿ ಒಂದೇ ಇಲಾಖೆ ಇತ್ತಂತೆ. “ಕುರಿಗೂ ತೋಳಕ್ಕೂ ಒಂದೇ ಕೊಟ್ಟಿಗೆ” ಎಂದು ನಗುವರು. ಆಮೇಲೆ ಬೇರೆಯಾಯಿತು. ಯುದ್ಧದ ಕಾಲದಲ್ಲಿ ಮಾಲೀಕರು, ಕೂಲಿಯವರು, ಸರ್ಕಾರ ಮೂವರನ್ನೂ ಒಂದೇ ಮೇಜಿಗೆ ಕೂರಿಸುವ ಪದ್ಧತಿ ಶುರುವಾಯಿತು. ಸಂವಿಧಾನ ಬರೆದವರು ಅದನ್ನು ಬರೆಯುವ ಮೊದಲು ಆ ಇಲಾಖೆಯ ಕುರ್ಚಿಯಲ್ಲಿ ಕೂತಿದ್ದರು ಎನ್ನುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ದೇಶ ಒಡೆದು ಬಂದವರಿಗೆ ನೆಲೆ ಕಾಣಿಸುವ ಪುನರ್ವಸತಿ ಖಾತೆಯೂ ಮುಂದೆ ಕೆಲವು ಕಾಲ ಇದರ ಜೊತೆ ಸೇರಿತ್ತು. ಹೆಸರು ಬದಲಾದಾಗಲೆಲ್ಲ ರಬ್ಬರ್ ಸ್ಟಾಂಪು ಬದಲಾಗುತ್ತಿತ್ತು. ಹಳೆಯ ಸ್ಟಾಂಪುಗಳನ್ನು ಅವರು ಎಸೆಯದೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಯಾಕೆ ಸಾರ್ ಎಂದರೆ, “ಯಾವನಾದರೂ ಹಳೇ ತಾರೀಖು ಹಾಕಿ ಹೊಸ ಸ್ಟಾಂಪು ಹೊಡೆದು ತಂದರೆ? ಪಕ್ಕದಲ್ಲಿಟ್ಟು ನೋಡೋಕೆ ಬೇಕಲ್ಲಾ” ಎಂದರು. ಪ್ರೀತಿಗೆ ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದ ನಾನು ಪೆಚ್ಚಾದೆ. ಈಗ ಅನ್ನಿಸುತ್ತದೆ, ಪ್ರೀತಿಯೂ ಇತ್ತು.

ಮಾದಮ್ಮನ ವಿಷಯ ಹೇಳದೆ ಅವರ ವಿಷಯ ಮುಗಿಯುವುದಿಲ್ಲ. ಹೇಳಲು ನನಗೆ ಇಷ್ಟವಿಲ್ಲ, ಯಾಕೆಂದರೆ ಅದರಲ್ಲಿ ತಪ್ಪು ನನ್ನದು.

ಮಾದಮ್ಮ ನಾಟ್ರಾಂಪಾಳ್ಯದವಳು. ಡೆಂಕಣಿಕೋಟೆ ಹತ್ತಿರದ ಒಂದು ಕ್ವಾರಿಯಲ್ಲಿ ಕಲ್ಲು ಚೂರು ಹೊರುತ್ತಿದ್ದಳು, ಅಲ್ಲೇ ಶೆಡ್ಡಿನಲ್ಲಿ ವಾಸ. ತಪಾಸಣೆಗೆ ಹೋದ ದಿನ ಅಲ್ಲಿ ಕುಡಿಯುವ ನೀರಿನ ಒಂದು ನೀಲಿ ಡ್ರಮ್ಮು ಇತ್ತು. ಇವರು ತೋಳು ಮಡಿಸಿ ಒಳಗೆ ಕೈಯಾಡಿಸಿದರು. “ಪಾಚಿಯೇ ಇಲ್ಲ. ಎಷ್ಟು ದಿನದಿಂದ ಇದೆ ಇದು?” ಎಂದು ಹೆಂಗಸರನ್ನು ಕೇಳಿದರು. ಎಲ್ಲರೂ ನೆಲ ನೋಡಿದರು. ಮಾದಮ್ಮ ಒಬ್ಬಳೇ ತಲೆಯೆತ್ತಿ, “ನೆನ್ನೆ ತಂದಿಟ್ರು ಸಾಮಿ. ನೀವು ಓದ್ಮೇಲೆ ಎತ್ಕಂಡೋಯ್ತಾರೆ” ಅಂದಳು. ಮುಂದಿನ ವಾರ ಮೇಸ್ತ್ರಿ ಅವಳಿಗೆ “ನಾಳೈಲಿರುಂದು ಒನಕ್ಕು ವೇಲೆ ಇಲ್ಲೆ” ಎಂದು ತಮಿಳಿನಲ್ಲಿ ಹೇಳಿ ಕೆಲಸದಿಂದ ಬಿಡಿಸಿದ. ಶೆಡ್ಡೂ ಹೋಯಿತು. ನಿಜ ಹೇಳಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಅದು. ಆ ಕೆಲಸವನ್ನು ಅವಳಿಗೆ ಮತ್ತೆ ಕೊಡಿಸಲೇಬೇಕು ಎಂದು ಇವರು ಪಟ್ಟು ಹಿಡಿದರು. ನಿಜ ಹೇಳಿಸಿದವರು ತಾವಲ್ಲವೇ?

ಅವಳ ಹೇಳಿಕೆ ತೆಗೆದುಕೊಂಡದ್ದು ನನ್ನ ಇನ್‌ಸ್ಟಿಟ್ಯೂಟಿನಲ್ಲಿ. ಪ್ರಶ್ನೆಗಳ ಪಟ್ಟಿ ಕೊಟ್ಟು ಅವರು ಹೊರಗೆ ಜಗುಲಿಯಲ್ಲಿ ಕೂತರು. ಹೇಳಿಕೆಯ ಹೊತ್ತಿಗೆ ಅವರು ಎದುರಿಗೆ ಇರುತ್ತಿರಲಿಲ್ಲ. ಅಧಿಕಾರಿಯ ಮುಖ ನೋಡಿಕೊಂಡು ಅವರಿಗೆ ಬೇಕಾದ ಉತ್ತರ ಕೊಡುತ್ತಾರೆ ಎಂಬ ಗುಮಾನಿ. ಹೊರಗೆ ಹೋಗುವ ಮೊದಲು ಮೂಗು ಅರಳಿಸಿ, “ಮಲಗೋವಾ?” ಎಂದರು.

ಹೌದು. ಎರಡು ದಿನದ ಹಿಂದೆ ಮನೆಗೆ ಒಂದು ಬುಟ್ಟಿ ಮಾವಿನಹಣ್ಣು ಬಂದಿತ್ತು. ಯಾರೋ ಆಟೋದವನು ಇಳಿಸಿ ಹೋಗಿದ್ದ. “ಯಾವನೋ ಹಳೇ ಶಿಷ್ಯ ಕಳ್ಸಿರ್ಬೇಕು” ಎಂದು ಅಪ್ಪ ಹೆಮ್ಮೆಯಿಂದ ಎಲ್ಲರಿಗೂ ಹಂಚಿದ್ದರು. ನಾನು ಹಾಗೆಯೇ ಹೇಳಿದೆ. “ಶಿಷ್ಯನ ಹೆಸರು?” ಎಂದರು. ಗೊತ್ತಿಲ್ಲ ಸಾರ್ ಎಂದೆ. ಅವರು ತಲೆಯಾಡಿಸಿ ಹೊರಗೆ ಹೋದರು.

ಮಾದಮ್ಮ ಮಾತು ಶುರುಮಾಡಿದರೆ ನಿಲ್ಲಿಸುವವಳಲ್ಲ. ಊರಿನಲ್ಲಿ ಬಿತ್ತನೆ, ಅತ್ತೆಗೆ ಮಂಡಿನೋವು, ಕಾಡಿನ ಅಂಚಿನ ಹೊಲಕ್ಕೆ ಆನೆ, ಎಲ್ಲವೂ ಬಂತು. “ಯಾಕೆ ಕೆಲಸಕ್ಕೆ ಹೋಗಲಿಲ್ಲ?” ಎಂಬ ಪ್ರಶ್ನೆಗೆ ಅವಳು, “ವೇಲೆ ಇಲ್ಲ, ಅದ್ಕೆ ಓಗ್ನಿಲ್ಲ” ಎಂದಳು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ನಮ್ಮ ಕಡೆ ಹಲವರ ಬಾಯಲ್ಲಿ ಳಕಾರ ಲಕಾರವಾಗುತ್ತದೆ, ಹಕಾರ ಹಾರಿಹೋಗುತ್ತದೆ. ಅಪ್ಪನಿಗೆ ಅದನ್ನು ಕೇಳಿದರೆ ಆಗದು. “ಹಲ್ಲಿ ಗೋಡೆ ಮೇಲೆ, ಹಳ್ಳಿ ನೆಲದ ಮೇಲೆ” ಎಂದು ಹತ್ತು ಸಲ ಹೇಳಿಸಿಯೇ ನಮಗೆ ತಟ್ಟೆ ಹಾಕಿಸುತ್ತಿದ್ದರು. ಯಾರಾದರೂ ತಪ್ಪಾಗಿ ಅಂದ ಮಾತನ್ನು ನನ್ನ ಕಿವಿ ಒಳಗೆ ಬಿಟ್ಟುಕೊಳ್ಳುವಾಗಲೇ ತಿದ್ದಿಬಿಡುತ್ತದೆ. ಮಾದಮ್ಮ ವೇಲೆ ಅಂದಳು. ನನ್ನ ಕಿವಿ ವೇಳೆ ಎಂದು ತಿದ್ದಿತು. ಬಿತ್ತನೆಯ ಕಾಲ, ಪಾಪ ಪುರುಸೊತ್ತಿಲ್ಲ ಅಂದುಕೊಂಡೆ. “ನನಗೆ ವೇಳೆ ಇಲ್ಲದ ಕಾರಣ ನಾನು ಕೆಲಸಕ್ಕೆ ಹೋಗಲಿಲ್ಲ” ಎಂದು ಚೊಕ್ಕವಾಗಿ ಬರೆದೆ. ಕೆಲಸ ಎಂಬುದಕ್ಕೆ ತಮಿಳಿನಲ್ಲಿ ವೇಲೆ ಎನ್ನುತ್ತಾರೆಂದು ಹೊಸೂರಿನಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ಅವಳ ಮಾತೆಲ್ಲ ಕನ್ನಡವಾಗಿತ್ತು, ನನಗೆ ಒಂದು ಪದದ ಮೇಲೂ ಅನುಮಾನ ಬರಲಿಲ್ಲ. ಬರೆದದ್ದನ್ನು ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ಹಾಕಿಸುವುದು ನಿಯಮ. ಅಷ್ಟರಲ್ಲಿ ಅವಳು “ಒತ್ತಾಯ್ತು ಕಣಮ್ಮ, ಅಂಚೆಟ್ಟಿ ಬಸ್ಸು ಓಯ್ತದೆ” ಎಂದು ಎದ್ದು ನಿಂತಳು. ಓದದೆ ಹೆಬ್ಬೆಟ್ಟು ಒತ್ತಿಸಿ ಕಳಿಸಿದೆ. ಇಂಗ್ಲಿಷೂ ಅದೇ ತಪ್ಪಿನಲ್ಲಿ ಟೈಪಾಯಿತು. ಅದರ ಪ್ರತಿ ಅವರಿಗೂ ಕ್ವಾರಿಯವರಿಗೂ ಸಿಕ್ಕಿದ್ದು ರಾಜಿ ಮಾತುಕತೆಯ ದಿನ ಬೆಳಗ್ಗೆಯಷ್ಟೇ.

ಮಾದಮ್ಮನನ್ನೂ ಕ್ವಾರಿಯವರನ್ನೂ ಎದುರುಬದುರು ಕೂರಿಸುವ ಆ ಮಾತುಕತೆ ಕೃಷ್ಣಗಿರಿಯ ಪ್ರವಾಸಿ ಬಂಗಲೆಯ ಒಂದು ಕೋಣೆಯಲ್ಲಿ. ಅಲ್ಲಿ ಒಂದು ಮೆತ್ತೆಯ ಕುರ್ಚಿ, ಎರಡು ಮಾಮೂಲಿ ಕುರ್ಚಿ ಇದ್ದವು. ಮೆತ್ತೆಯದನ್ನು ಅವರೇ ಹೊರಗೆ ಎಳೆದುಹಾಕಿ ಜವಾನರಿಂದ ಇನ್ನೊಂದು ಮಾಮೂಲಿಯದನ್ನು ತರಿಸಿದರು. ಮಾದಮ್ಮ ನೆಲದ ಮೇಲೆ ಕೂತಿದ್ದಳು. ಅವಳು ಎದ್ದು ಕುರ್ಚಿಯಲ್ಲಿ ಕೂರುವವರೆಗೆ ಅವರೂ ಕೂರಲಿಲ್ಲ. ಅವಳು ತುದಿಯಲ್ಲಿ ಅರ್ಧ ಕೂತಳು. ಕ್ವಾರಿಯ ಮ್ಯಾನೇಜರು ವಕೀಲರ ಜೊತೆ ಬಂದು, ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ಹಣ್ಣು ಸಿಹಿಯಾಗಿತ್ತಾ ಮೇಡಂ? ನಮ್ಮ ತೋಟದ್ದೇ” ಎಂದರು.

ಬುಟ್ಟಿ ಕಳಿಸಿದ್ದು ಯಾರೆಂದು ಆಗ ಗೊತ್ತಾಯಿತು. ಅಧಿಕಾರಿ ತಲೆ ಎತ್ತಲಿಲ್ಲ. ವಕೀಲರು ಹೇಳಿಕೆಯ ಪ್ರತಿ ತೆಗೆದು ಓದಿದರು: ಆಕೆಯೇ ಒಪ್ಪಿಕೊಂಡಿದ್ದಾಳೆ, ವೇಳೆ ಇಲ್ಲದ ಕಾರಣ ತಾನಾಗಿ ಬಂದಿಲ್ಲ, ನಾವು ಯಾರನ್ನೂ ಬಿಡಿಸಿಲ್ಲ, ಕೆಳಗೆ ಹೆಬ್ಬೆಟ್ಟಿದೆ. ಆಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಡ್ರಮ್ಮಿನೊಳಗೆ ಕೈಯಾಡಿಸುವಾಗ ಇರುತ್ತಿದ್ದ ಮುಖ ಅದು.

“ಐದು ನಿಮಿಷ” ಎಂದು ನನ್ನನ್ನು ಜಗುಲಿಗೆ ಕರೆದರು. “ಯಾರು ಕೊಟ್ಟರು ನಿಮಗೆ ಈ ಪದ?”

“ಯಾರೂ ಕೊಡಲಿಲ್ಲ ಸಾರ್. ಅವಳೇ ಅಂದಿದ್ದು. ದೇವರಾಣೆ, ಹಣ್ಣು ಯಾರದು ಅಂತ ನನಗೆ ಗೊತ್ತಿರಲಿಲ್ಲ.”

“ಆಣೆ ಅವಸರ ಇಲ್ಲ. ಅವಳ ಬಾಯಲ್ಲಿ ಬಂದ ಹಾಗೇ ಹೇಳಿ. ತಿದ್ದಬೇಡಿ.”

ಹೇಳಿದೆ. ವೇಲೆ ಎಂದು ನನ್ನದೇ ಬಾಯಿಂದ ಬಂದಾಗ ನಾಲಿಗೆ ಕಚ್ಚಿಕೊಂಡೆ. “ಬಸ್ಸಿಗೆ ಹೊರಡುವಾಗ ಏನಂದಳು?” ಎಂದರು.

“ಒತ್ತಾಯ್ತು, ಅಂದಳು.”

“ವೇಳೆ ಆಯ್ತು ಅನ್ನಲಿಲ್ಲ?”

“ಇಲ್ಲ ಸಾರ್. ಒತ್ತಾಯ್ತು.”

ಅವರು ಒಳಗೆ ಹೋಗಿ ಕೂತರು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಬಹಳ ಸಾಧಾರಣವಾಗಿ, “ಏನಮ್ಮಾ ಮಾದಮ್ಮಾ, ಈಗ ವೇಳೆ ಎಷ್ಟು?” ಎಂದು ಕೇಳಿದರು.

ಮಾದಮ್ಮ ಕಣ್ಣು ಬಿಟ್ಟಳು. “ವೇಲೆ ಎಲ್ಲದೆ ಸಾಮಿ? ಮೇಸ್ತ್ರಿ ನಾಳಿಂದ ಬರ್ಬ್ಯಾಡ ಅಂದ್ಬುಟ್ನಲ್ಲ! ಅದ್ಕೇ ತಾನೇ ನಾನು ಇಲ್ಗಂಟ ಬಂದಿರೋದು?”

ಬಾಗಿಲಲ್ಲಿ ನಿಂತಿದ್ದ ಜವಾನರು ಗಟ್ಟಿಯಾಗಿ ನಕ್ಕುಬಿಟ್ಟರು. ವಕೀಲರಿಗೂ ನಗು ಬಂದು ಕರವಸ್ತ್ರ ತೆಗೆದರು. ಅಧಿಕಾರಿ ನಗಲಿಲ್ಲ. “ಹೊತ್ತು ಎಷ್ಟಾಯ್ತಮ್ಮಾ?” ಎಂದು ಇನ್ನೊಮ್ಮೆ ಕೇಳಿದರು. ಅವಳು ಕಿಟಕಿಯಾಚೆ ಬಿಸಿಲು ನೋಡಿ, “ಅನ್ನೊಂದಾಗಿರ್ಬೇಕು” ಅಂದಳು. ಆ ಹೆಂಗಸಿನ ಬಾಯಲ್ಲಿ ವೇಳೆ ಎಂಬ ಪದವೇ ಇಲ್ಲ ಎಂಬುದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಾಯಿತು. ಹೇಳಿಕೆಯ ಸಾಲನ್ನು ಹೊಡೆದು, ಪಕ್ಕದಲ್ಲಿ ಹೊಸದಾಗಿ ಬರೆಸಿ, ಓದಿ ಹೇಳಿಸಿ, ಮತ್ತೆ ಹೆಬ್ಬೆಟ್ಟು ಹಾಕಿಸಿದರು. ಅಂಚಿನಲ್ಲಿ ಇಂಗ್ಲಿಷಿನಲ್ಲಿ ನನ್ನ ಬಗ್ಗೆ ಏನೋ ಒಂದು ಸಾಲು ಬರೆದರು. ಬರೆಯುವಾಗ ಎಡಗೈ ಅಡ್ಡ ಇಟ್ಟುಕೊಂಡಿದ್ದರು.

ಎರಡು ವಾರದಲ್ಲಿ ಮಾದಮ್ಮನನ್ನು ಕೆಲಸಕ್ಕೆ ಸೇರಿಸಿಕೊಂಡರು, ಶೆಡ್ಡೂ ಸಿಕ್ಕಿತು. ಮಾತುಕತೆಯ ದಿನ ವಾಪಸು ಬರುವ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರದೆ ಮುಂದೆ ಹೋಗಿ ಕೂತರು. ಮುಂದಿನ ಹೇಳಿಕೆಗಳಿಗೆ ಬೇರೆ ಯಾರನ್ನೋ ಇಟ್ಟುಕೊಂಡರು. ನನಗೆ ಒಂದು ಮಾತೂ ಹೇಳಲಿಲ್ಲ.

ಅದು ನನ್ನನ್ನು ವರ್ಷಗಟ್ಟಲೆ ತಿಂದಿತು. ಏನು ಬರೆದಿರಬಹುದು ಆ ಅಂಚಿನಲ್ಲಿ? ಕಿವಿ ತಪ್ಪಿತು ಎಂದೋ, ಹಣ್ಣು ತಿಂದಳು ಎಂದೋ? ಕೆಟ್ಟದ್ದೆಂದರೆ ನನಗೆ ನನ್ನ ಮೇಲೂ ಅನುಮಾನ ಹುಟ್ಟಿತು. ಯಾರು ಕಳಿಸಿದ್ದೆಂದು ಗೊತ್ತಿರಲಿಲ್ಲ, ಸರಿ. ಆದರೆ ಆ ದಿನ ಯಾಕೆ ಓದಿ ಹೇಳಲಿಲ್ಲ? ಬಸ್ಸಿನ ನೆಪವೇ? ಎಷ್ಟೋ ಜನರನ್ನು ಇನ್ನೊಂದು ಬಸ್ಸಿಗೆ ಹೋಗಿ ಎಂದು ಕೂರಿಸಿದವಳು ನಾನು. ಇವತ್ತಿಗೂ ಮಲಗೋವಾ ವಾಸನೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ.

ನಿವೃತ್ತಿಯಾದ ಮೇಲೆ ಅವರು ತೊರಪಲ್ಲಿ ಅಗ್ರಹಾರದ ದಾರಿಯಲ್ಲಿ ಮಗಳ ಮನೆಯಲ್ಲಿದ್ದರು. ಬೆಳಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ, ಕೂಲಿಗೆ ಕರೆಯುವವರಿಗಾಗಿ ಜನ ನಿಲ್ಲುವ ಕಡೆ, ಬಗಲಿಗೆ ಅದೇ ಚೀಲ ಹಾಕಿಕೊಂಡು ಕೂತಿರುತ್ತಿದ್ದರು. ಕಳೆದ ವರ್ಷ ಒಮ್ಮೆ ನಾನೇ ಧೈರ್ಯ ಮಾಡಿ ಹತ್ತಿರ ಹೋದೆ. ಹೊಸ ಕಾರ್ಮಿಕ ಸಂಹಿತೆಗಳ ಸುದ್ದಿಯಿದ್ದ ಪೇಪರು ಕೈಯಲ್ಲಿತ್ತು. “ನೋಡಿದಿರಾಮ್ಮಾ? ಇನ್‌ಸ್ಪೆಕ್ಟರ್ ಅಂದ್ರೆ ಈಗ ಫೆಸಿಲಿಟೇಟರೂ ಹೌದಂತೆ. ನಮ್ಮನ್ನ ಅನುಮಾನ ಪಡೋಕೆ ಇಟ್ಟಿದ್ದರು. ಇನ್ನು ಅನುಕೂಲವನ್ನೂ ಮಾಡ್ಕೊಡಬೇಕು. ಯಾರಿಗೆ ಅನುಕೂಲ ಅಂತ ಮಾತ್ರ ಹುಡುಕ್ತಾ ಇದೀನಿ, ಇನ್ನೂ ಸಿಕ್ಕಿಲ್ಲ” ಎಂದರು. ನಾನು ಕೇಳಬೇಕೆಂದುಕೊಂಡದ್ದು ಬಾಯಿಗೆ ಬಂದಿತ್ತು. ಅಂಚಿನಲ್ಲಿ ಏನು ಬರೆದಿರಿ ಸಾರ್ ಎಂದು ಕೇಳಿದರೆ ಎರಡು ಸೆಕೆಂಡಿನ ಮಾತು. ಟೀ ಕುಡಿಯುತ್ತೀರಾ ಸಾರ್ ಎಂದು ಕೇಳಿದೆ. ಅವಸರ ಇಲ್ಲ ಎಂದರು.

ಟೈಪಿಂಗ್ ಕಲಿಯುವವರು ಈಗ ಇಲ್ಲ. ಅದೇ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿಗಳನ್ನು ತುಂಬಿಕೊಡುತ್ತೇನೆ. ಅಸಂಘಟಿತ ಕಾರ್ಮಿಕರಿಗೆ ದೆಹಲಿಯ ಅದೇ ಸಚಿವಾಲಯ ಕೊಡುವ ಇ-ಶ್ರಮ್ ಕಾರ್ಡಿಗೂ ನನ್ನಲ್ಲಿಗೇ ಬರುತ್ತಾರೆ. ಅವರು ಹೋಗಿ ಒಂದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕೂದಲು ನರೆತ ಹೆಂಗಸೊಬ್ಬಳು ಬಂದು ಕುರ್ಚಿಯಲ್ಲಿ ಕೂತಳು, ಈ ಸಲ ಪೂರ್ತಿ ಕೂತಳು. ಆಧಾರ್ ಕೊಟ್ಟಾಗ ಹೆಸರು ನೋಡಿ ತಲೆಯೆತ್ತಿ ಅವಳ ಮುಖ ನೋಡಿದೆ.

“ಮಾದಮ್ಮ, ನನ್ನ ಗುರುತು ಸಿಕ್ತಾ?”

“ಸಿಗ್ದೇನು? ಟೈಪಿಂಗಮ್ಮ ಅಲ್ವಾ.”

“ಸಾರ್ ಹೋಗ್ಬಿಟ್ರಂತೆ.”

“ಊಂ ಕಣಮ್ಮ. ಗೊತ್ತಾಯ್ತು.” ಸೆರಗಿನ ತುದಿ ತಿರುವಿದಳು. “ಓದ್ವರ್ಸ ಬಸ್‌ಸ್ಟ್ಯಾಂಡ್ ತಾವ ಸಿಕ್ಕಿದ್ರು. ಕಾರ್ಡ್ ಮಾಡುಸ್ಕಂಡ್ಯಾ ಅಂದ್ರು. ಇಲ್ಲ ಅಂದೆ. ಆ ಟೈಪಿಂಗಮ್ಮನ್ ತಾವ ಓಗು ಅಂದ್ರು.”

ನಾನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದೆ. “ನನ್ನ ಹತ್ರವಾ? ನಿಜವಾಗ್ಲೂ ಅಂದ್ರಾ?”

“ನಾನೂ ಅದೇ ಕೇಳ್ದೆ. ಅವ್ಳು ತಪ್ಪು ಬರ್ದೋಳಲ್ವಾ ಸಾಮಿ ಅಂತ. ಅದ್ಕೇ ಓಗು ಅಂದ್ರು. ಒಂದ್ಸಲ ತಪ್ಪಿ ಸಿಕ್ಕಾಕ್ಕಂಡೋಳು, ಜಲ್ಮದಲ್ಲೇ ಇನ್ನೊಂದ್ಸಲ ತಪ್ಪಕ್ಕಿಲ್ಲ ಅಂದ್ರು. ಆದ್ರೂ ಓದುಸ್ಕಳ್ದೆ ಬೆರಳು ಮಡಗ್ಬ್ಯಾಡ ಅಂದ್ರು.”

ನಾನು ಅಳುತ್ತಿರುವುದು ಅವಳಿಗೆ ಕಾಣಬಾರದೆಂದು ಕಂಪ್ಯೂಟರಿನ ಕಡೆ ತಿರುಗಿದೆ. ಹೆಸರು, ಊರು, ತಂದೆ ಎಲ್ಲ ತುಂಬಿದೆ. ಏನು ಕೆಲಸ ಮಾಡ್ತೀಯ ಈಗ ಎಂದೆ. “ಈಗ ಒಲದ್ ವೇಲೆ” ಅಂದಳು. ಹೊಲದ ಕೆಲಸ ಎಂದು ಬರೆದು, ಬರೆದದ್ದನ್ನು ತೋರಿಸಿ ಹೇಳಿದೆ. ಬೆರಳಿಡುವ ಯಂತ್ರವನ್ನು ಮುಂದಕ್ಕೆ ತಳ್ಳಲು ಹೋದರೆ ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಓದಮ್ಮ” ಎಂದಳು.

ಮೊದಲಿಂದ ಕೊನೆಯವರೆಗೆ ಓದಿದೆ. ಅವಳು ಕಣ್ಣು ಕಿರಿದು ಮಾಡಿ ಒಂದೊಂದು ಮಾತನ್ನೂ ಕೇಳಿಸಿಕೊಂಡಳು, ಆದರೂ ಕೈ ಎತ್ತಲಿಲ್ಲ. ಗೋಡೆಯ ಗಡಿಯಾರ ನೋಡಿ ನಾನೇ, “ಹೊತ್ತಾಯ್ತು ಮಾದಮ್ಮ, ಅಂಚೆಟ್ಟಿ ಬಸ್ಸು ಹೋಗ್ಬಿಡುತ್ತೆ” ಎಂದೆ.

“ಓದ್ರೆ ಓಗ್ಲಿ ಬುಡು” ಎಂದಳು. “ಇನ್ನೊಂದ್ಸಲ ಓದು.”

ಓದಿದೆ.